ಬಿಲ್ಲೆಯಮ್ಮನ ಬೆನ್ನ ಹಿಂದಿನ ಆಟ

ಸಂಜೆ ನಾಲ್ಕಕ್ಕೆ ಬಾ ಅಂದರೆ ಬಿಲ್ಲೆಯಮ್ಮ ಬೆಳಿಗ್ಗೆ ಹತ್ತಕ್ಕೇ ಆಫೀಸಿನ ಮೂರನೇ ಮಹಡಿ ಹತ್ತಿ ಬಂದು ಕೂತಿದ್ದಳು. ಲಿಫ್ಟ್ ಇತ್ತು, ಅದು ಕೆಳಗಿಳಿದು ಬರುವ ತನಕ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಕಂಕುಳಲ್ಲೊಂದು ಬಟ್ಟೆಯ ಚೀಲ, ಚೀಲದ ತುಂಬ ಹಿತ್ತಾಳೆಯ ಬಿಲ್ಲೆಗಳು. ಹೆಜ್ಜೆಗೊಮ್ಮೆ ಝಣ್ ಎನ್ನುತ್ತಿದ್ದವು.

“ದೊಡ್ಡಮ್ಮಾ, ಇನ್ನೂ ಆರು ಗಂಟೆ ಇದೆ!” ಎಂದಳು ತಂಗಿಯ ಮಗಳು, ಕಂಪ್ಯೂಟರಿನಿಂದ ತಲೆ ಎತ್ತಿ.

“ಇರ್ಲಿ ಬಿಡೇ. ಮನೇಲಿದ್ರೆ ಗಡಿಯಾರದ ಮುಖ ನೋಡ್ತಾ ಕೂರ್ಬೇಕು. ಇಲ್ಲಿ ನಿನ್ನ ಮುಖ ನೋಡ್ತಾ ಕೂರ್ತೀನಿ.”

ಆ ಮುಖವೂ ನೋಡುವಂತಿರಲಿಲ್ಲ. ತಂಗಿಯ ಮಗಳನ್ನು ಮನೆಮಂದಿಯೆಲ್ಲ ಮರಿ ಎಂದೇ ಕರೆಯುತ್ತಿದ್ದರು, ಮೂವತ್ತು ತುಂಬಿದ ಮೇಲೂ. ಆ ಮರಿ ಇವತ್ತು ಉಗುರು ಕಚ್ಚುತ್ತ, ಆರಿಹೋದ ಕಾಫಿಯನ್ನೇ ಗುಟುಕರಿಸುತ್ತ, ನಡುನಡುವೆ ಗೋಡೆಯ ಕಡೆ ಕೆಂಗಣ್ಣು ಬಿಡುತ್ತ ಕೂತಿದ್ದಳು. ಗೋಡೆಗೊರಗಿ ನಿಂತಿದ್ದದ್ದು ಆಳೆತ್ತರದ ಹಳೇ ಆಟದ ಮಿಷನ್ನು. ‘ಏಳು ಅಖಾಡ’ ಎಂಬ ಹೊಡೆದಾಟದ ಆಟ. ಊರಿನಲ್ಲಿ ಉಳಿದಿದ್ದ ಕೊನೆಯ ಮಿಷನ್ನು ಅದೊಂದೇ.

ಒಂದು ಕಾಲದಲ್ಲಿ ಬಸ್ ನಿಲ್ದಾಣದ ಎದುರಿನ ವಿಡಿಯೊ ಗೇಮ್ ಅಂಗಡಿಯಲ್ಲಿ ಇಂಥ ಹತ್ತು ಮಿಷನ್ನುಗಳಿದ್ದವು. ಒಂಬತ್ತರ ಮುಂದೆ ನೊಣ ಹಾರಾಡುತ್ತಿದ್ದರೆ ‘ಏಳು ಅಖಾಡ’ದ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಗಿಲ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಆಡುವವರಿಗೆ ಮಿಷನ್ನಿಗೆ ಹಾಕುವ ಬಿಲ್ಲೆ ಕೊಡುವುದು ಬಿಲ್ಲೆಯಮ್ಮನ ಕೆಲಸ. ಮುಖ ಬೀದಿಗೆ, ಬೆನ್ನು ಮಿಷನ್ನುಗಳಿಗೆ. ಬಾಗಿಲ ಮೇಲಿನ ಕಣ್ಣು ತೆಗೆಯಬಾರದು ಎಂದು ಅಂಗಡಿಯವನು ಕಟ್ಟುನಿಟ್ಟಾಗಿ ಹೇಳಿದ್ದ. ಅವಳೂ ತೆಗೆಯಲಿಲ್ಲ. ಹನ್ನೊಂದು ವರ್ಷ ಅವಳು ಆ ಆಟವನ್ನು ನೋಡಲೇ ಇಲ್ಲ, ಬರೀ ಕೇಳಿದಳು. ಎಷ್ಟರ ಮಟ್ಟಿಗೆ ಕೇಳಿದಳೆಂದರೆ, ಸೋಲುವವನು ಸೋಲುವ ಮೊದಲೇ ಅವನಿಗೆ ಬೇಕಾದ ಮುಂದಿನ ಬಿಲ್ಲೆ ಕಿಟಕಿಯ ಕಟ್ಟೆಯ ಮೇಲೆ ಕೂತಿರುತ್ತಿತ್ತು. “ಬಿಲ್ಲೆಯಮ್ಮ ಬಿಲ್ಲೆ ಇಟ್ಲು ಅಂದ್ರೆ ನಿನ್ನ ಕಥೆ ಮುಗೀತು” ಎಂದು ಆಡುವವರು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರು.

ಮರಿಗೆ ಐದು ವರ್ಷವಿದ್ದಾಗ ಅದೇ ಕಿಟಕಿಯ ಮುಂದೆ ನಿಂತು ತನಗೂ ಒಂದು ಬಿಲ್ಲೆ ಬೇಕೆಂದು ರಚ್ಚೆ ಹಿಡಿದಿದ್ದಳು. “ಗುಂಡಿಗೆ ಕೈ ಎಟುಕಲ್ಲ. ಬೆಳೆದ್ಮೇಲೆ ಬಾ, ಕೊಡ್ತೀನಿ” ಎಂದಿದ್ದಳು ಬಿಲ್ಲೆಯಮ್ಮ. ಮರಿ ಬೆಳೆಯುವಷ್ಟರಲ್ಲಿ ಅಂಗಡಿಯೇ ಮುಚ್ಚಿತು. ಆ ಸಿಟ್ಟಿಗೋ ಏನೋ, ದೊಡ್ಡವಳಾಗಿ ಗೇಮ್ ಕಂಪನಿ ಸೇರಿ, ಅದೇ ಆಟವನ್ನು ಮನೆಯ ಟಿವಿಗೆ ಜೋಡಿಸಿ ಆಡುವಂತೆ ಮತ್ತೆ ಕಟ್ಟುವ ಕೆಲಸಕ್ಕೆ ಕೈ ಹಾಕಿದಳು. ಎರಡು ವರ್ಷ ಹಿಡಿಯಿತು. ಹಳೇ ಮಿಷನ್ನಿನಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ ಬರುತ್ತಿದ್ದವು. ಅವನ್ನು ತನ್ನ ಚಿತ್ರಗಳ ಪಕ್ಕದಲ್ಲಿಟ್ಟು, ಪೈಲ್ವಾನನ ಹೊಟ್ಟೆಯ ಮಡಿಕೆಯೂ ಎಳ್ಳಷ್ಟು ಹೆಚ್ಚುಕಡಿಮೆ ಆಗದ ಹಾಗೆ ತಾಳೆ ನೋಡಿದ್ದಳು.

ಆದರೂ ಕಳೆದ ತಿಂಗಳು ಅಂಗಡಿಯ ಕಾಲದ ಹತ್ತು ಜನ ಹಳೇ ಆಟಗಾರರನ್ನು ಕರೆಸಿ ಆಡಿಸಿದಾಗ ಹತ್ತೂ ಜನ ತಲೆ ಅಲ್ಲಾಡಿಸಿಬಿಟ್ಟರು. “ಎಲ್ಲಾ ಸರಿಯಾಗಿದೆ. ಆದ್ರೆ ಇದು ಅದಲ್ಲ” ಎಂದರು. ಏನು ಕಮ್ಮಿ ಎಂದು ಕೇಳಿದರೆ ಒಬ್ಬರ ಬಾಯಲ್ಲೂ ಉತ್ತರವಿಲ್ಲ. ಪೈಲ್ವಾನ ಎದುರಾಳಿಯನ್ನು ಎತ್ತಿ ಒಗೆಯುವ ಪಟ್ಟು ಹೇಳದೆ ಕೇಳದೆ ಬಂದುಬಿಡುತ್ತದೆ, ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ ಎಂದು ಗೊಣಗಿದರು ಅಷ್ಟೆ. ಇವತ್ತು ಸಂಜೆ ಅದೇ ಹತ್ತು ಜನ ಮತ್ತೆ ಬರುವವರಿದ್ದರು. ಇವತ್ತೂ ತಲೆ ಅಲ್ಲಾಡಿಸಿದರೆ ಆಟ ಕಪಾಟು ಸೇರುತ್ತದೆ ಎಂದು ಆಫೀಸಿನ ಯಜಮಾನರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಬಿಲ್ಲೆಯಮ್ಮನನ್ನು ಕರೆದದ್ದು ಬಾಗಿಲಲ್ಲಿ ಕೂತು ಹಳೇ ಬಿಲ್ಲೆ ಹಂಚಲಿ, ಬಂದವರ ಮನಸ್ಸಾದರೂ ಮೆತ್ತಗಾಗಲಿ ಎಂದು. ಆಟದ ತಲೆಬುಡ ಅವಳಿಗೆ ಗೊತ್ತಿದೆ ಎಂದು ಯಾರೂ ತಿಳಿದಿರಲಿಲ್ಲ. ಸ್ವತಃ ಅವಳೂ ತಿಳಿದಿರಲಿಲ್ಲ.

“ಬಂದಿದ್ದೂ ಬಂದೆ, ಒಂದು ಆಟ ಆಡಿ ತೋರ್ಸೇ” ಎಂದಳು.

ಮರಿ ಪಕ್ಕದ ಮೇಜಿನ ಚಿತ್ರಕಾರನನ್ನು ಕರೆದಳು. ಇಬ್ಬರೂ ಒಂದೊಂದು ಗೇಮ್ ಪ್ಯಾಡ್ ಹಿಡಿದು ಟಿವಿಯ ಮುಂದೆ ಕೂತರು. ಬಣ್ಣಬಣ್ಣದ ಪರದೆಯಲ್ಲಿ ಪೈಲ್ವಾನನೂ ಉದ್ದ ಜಡೆಯ ಹುಡುಗಿಯೂ ದಬದಬ ಬಡಿದಾಡಿಕೊಂಡರು. ಬಿಲ್ಲೆಯಮ್ಮನಿಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಚಿತ್ರ ನೋಡುತ್ತಿದ್ದರೆ ಸದ್ದು ಕಿವಿಗೇ ಬೀಳುತ್ತಿರಲಿಲ್ಲ. ಕೊನೆಗೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಮೇಜಿನ ಅಂಚಿಗೆ ಎರಡು ಬಿಲ್ಲೆ ತಂದಿಟ್ಟು, “ಹ್ಞೂಂ, ಈಗ ಆಡಿ” ಎಂದಳು.

ಅರ್ಧ ಆಟಕ್ಕೇ ಎಡಗಡೆಯ ಬಿಲ್ಲೆ ತಳ್ಳಿದಳು, ಮರಿ ಸೋಲುತ್ತಾಳೆ ಎಂಬ ಅರ್ಥದಲ್ಲಿ. ಮರಿ ಗೆದ್ದಳು. ಮುಂದಿನ ಆಟಕ್ಕೆ ಬಲಗಡೆಯದನ್ನು ತಳ್ಳಿದಳು. ಅದೂ ತಪ್ಪು. ಐದು ಆಟದಲ್ಲಿ ನಾಲ್ಕು ಸಲ ಎಡವಿದಳು.

ಬಿಲ್ಲೆಯಮ್ಮನ ಮುಖ ಹುಳ್ಳಗಾಯಿತು. ಹನ್ನೊಂದು ವರ್ಷದಲ್ಲಿ ಬೆರಳೆಣಿಕೆಯಷ್ಟೂ ತಪ್ಪದ ಕಿವಿ! ವಯಸ್ಸಾಯಿತೇನೋ, ಇನ್ನೇನು ಇದೂ ಹೋಯಿತೇನೋ ಎಂದು ಒಳಗೊಳಗೇ ಕಳವಳವಾಯಿತು. ಆದರೆ ಅವಳು ಸೋಲನ್ನು ಸುಮ್ಮನೆ ನುಂಗಿಕೊಳ್ಳುವ ಪೈಕಿಯಲ್ಲ.

“ಇನ್ನೊಂದ್ಸಲ ಆಡಿ. ಪೈಲ್ವಾನ ಎತ್ತಿ ಒಗೀತಾನಲ್ಲ, ಅದನ್ನೇ ಮಾಡಿ.”

ಮಾಡಿದರು. ಮತ್ತೆ ಮಾಡಿಸಿದಳು. ನಾಲ್ಕನೇ ಸಲಕ್ಕೆ ತಟ್ಟನೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ಡ್ರಮ್ಮು ನಿಲ್ಲಲ್ವಲ್ಲೇ!”

“ಯಾವ ಡ್ರಮ್ಮು?”

“ಹಾಡಿನ ಹಿಂದೆ ಹೊಡ್ಕೋತಾ ಇರತ್ತಲ್ಲ, ಅದು. ಅಂಗಡೀಲಿ ಹಿಂಗಿರ್ತಿರ್ಲಿಲ್ಲ.” ಬಿಲ್ಲೆಯಿಂದ ಮೇಜಿನ ಮೇಲೆ ಕುಟ್ಟಿ ತೋರಿಸಿದಳು. “ಧಬ್ ಧಬ್ ಧಬ್ ಧಬ್. ಅವನು ಎತ್ತೋಕೆ ಮುಂಚೆ ‘ಹುಂ’ ಅಂತ ಉಸಿರು ಎಳ್ಕೋತಾನಾ? ಆಗ ಧಬ್ ಧಬ್...” ಕೈ ಗಾಳಿಯಲ್ಲೇ ನಿಂತಿತು. “ಇಲ್ಲೊಂದು ಪೆಟ್ಟು ಇರ್ತಿರ್ಲಿಲ್ಲ. ಆಮೇಲೆ ಧಬ್. ಆ ಪೆಟ್ಟು ತಪ್ಪಿದ ಕೂಡ್ಲೆ ಜಾಣ ಆದೋನು ಹಾರ್ಬಿಡ್ತಿದ್ದ. ಹಾರಿದ ಸದ್ದು ಬಂದ್ರೆ ಬಚಾವಾದ ಅಂತ ಲೆಕ್ಕ. ಬರ್ಲಿಲ್ಲ ಅಂದ್ರೆ ನಾನು ಬಿಲ್ಲೆ ತೆಗೀತಿದ್ದೆ.”

“ದೊಡ್ಡಮ್ಮಾ, ಹಂಗಿರಕ್ಕೆ ಸಾಧ್ಯ ಇಲ್ಲ. ಈ ಹಾಡು ಕಟ್ಟಿದವರ ಹತ್ರಾನೇ ಮೂಲ ಧ್ವನಿ ತಂದಿದ್ದೀನಿ. ಅದರಲ್ಲಿ ಒಂದು ಪೆಟ್ಟೂ ತಪ್ಪಲ್ಲ. ನೀನು ಆಟಾನೇ ನೋಡಿದವಳಲ್ಲ.”

“ನೋಡಿಲ್ಲ ಕಣೇ, ಕೇಳಿದೀನಿ! ನೀನು ಕೇಳಿದೀಯಾ?”

ಮರಿ ಕೇಳಿರಲಿಲ್ಲ. ಗೋಡೆಗೊರಗಿದ್ದ ಮಿಷನ್ನಿನಲ್ಲಿ ಚಿತ್ರ ಬರುತ್ತಿತ್ತು, ಸದ್ದಿನ ಭಾಗ ತುಕ್ಕು ಹಿಡಿದು ಎಂದೋ ಸತ್ತಿತ್ತು. ಎರಡು ವರ್ಷ ಅವಳು ಒಂದು ಮೂಕ ಮಿಷನ್ನಿನ ಜೊತೆ ತನ್ನ ಆಟವನ್ನು ಹೋಲಿಸಿ ನೋಡಿದ್ದಳು. ಎದ್ದು ಕಪಾಟಿನತ್ತ ಓಡಿದಳು. ಮಿಷನ್ನಿನ ಜೊತೆ ಬಂದಿದ್ದ, ಎಣ್ಣೆಯ ಕಲೆಯಾದ ಹಳೇ ಕೈಪಿಡಿಯನ್ನು ಎಳೆದು ತೆಗೆದು, ಪುಟ ಹರಿದೇಹೋಗುವ ಹಾಗೆ ತಿರುವಿದಳು.

“ನಾಲ್ಕೇ ಸದ್ದು!” ಎಂದು ಕಿರುಚಿದಳು. “ಹಳೇ ಮಿಷನ್ನು ಒಂದೇ ಸಲಕ್ಕೆ ನಾಲ್ಕೇ ಸದ್ದು ಹೊರಡಿಸ್ತಿತ್ತು. ಹಾಡು, ಡ್ರಮ್ಮು, ಹೆಜ್ಜೆ, ಅಖಾಡದ ಜನರ ಕೂಗು. ಅಲ್ಲಿಗೆ ನಾಲ್ಕಾಯ್ತು. ಪೈಲ್ವಾನನ ಉಸಿರು ಐದನೇದು. ಜಾಗ ಇಲ್ಲ! ಉಸಿರಿಗೆ ಜಾಗ ಬಿಡಕ್ಕೆ ಡ್ರಮ್ಮು ಒಂದು ಪೆಟ್ಟು ಬಿಟ್ಟುಕೊಡ್ತಿತ್ತು. ನಾನು ಮೂವತ್ತೆರಡು ಸದ್ದಿಗೆ ಜಾಗ ಮಾಡಿಕೊಟ್ಟಿದ್ದೀನಿ. ಯಾವುದೂ ಯಾವುದನ್ನೂ ತಳ್ಳಲ್ಲ ಅಂತ ಎಷ್ಟು ಜಂಬ ಪಟ್ಟಿದ್ದೆ! ಅಯ್ಯೋ, ನಾನೇ ಚೆನ್ನಾಗಿ ಮಾಡಿ ಕೆಡಿಸಿಟ್ಟಿದ್ದೀನಿ!”

ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇತ್ತು. ಬಿಲ್ಲೆಯಮ್ಮನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಿವಿ ಹೋಗಿರಲಿಲ್ಲ! ಹೋಗಿದ್ದು ಒಂದು ಪೆಟ್ಟು ಮಾತ್ರ, ಅದೂ ಡ್ರಮ್ಮಿನದು.

ಆಮೇಲೆ ಶುರುವಾಯಿತು ನೋಡಿ ಗದ್ದಲ. ಜಾಗವಿಲ್ಲದಾಗ ಯಾವ ಸದ್ದು ಮೊದಲು ಬಿಟ್ಟುಕೊಡುತ್ತಿತ್ತು ಎಂಬುದನ್ನು ಕೈಪಿಡಿ ಹೇಳಿರಲಿಲ್ಲ. ಅದನ್ನು ಹೇಳಬಲ್ಲ ಕಿವಿ ಗೋಡೆಗೆ ಮುಖ ಮಾಡಿ ಕೂತಿತ್ತು. ಮರಿ ಪ್ರೋಗ್ರಾಮಿನ ಒಂದೊಂದು ಸಾಲು ತಿದ್ದುತ್ತಿದ್ದಳು, ಚಿತ್ರಕಾರ ಆಡುತ್ತಿದ್ದ, ಬಿಲ್ಲೆಯಮ್ಮ ತೀರ್ಪು ಕೊಡುತ್ತಿದ್ದಳು. “ಮೊದ್ಲು ಡ್ರಮ್ಮು ಹೋಗ್ಬೇಕು. ಅದೂ ಸಾಲ್ದಿದ್ರೆ ಜನರ ಕೂಗು. ಹೆಜ್ಜೆ ಮಾತ್ರ ಯಾವತ್ತೂ ಹೋಗಲ್ಲ... ಅಲ್ಲ, ಅಷ್ಟುದ್ದ ಅಲ್ಲ. ಕಣ್ಣು ಮಿಟುಕಿಸೋವಷ್ಟು ಸಾಕು. ಹಾಂ! ಹಾಂ! ಅದೇ!” ತಂದಿದ್ದ ಊಟದ ಡಬ್ಬಿ ಮುಚ್ಚಳ ತೆರೆಯದೆ ಮೇಜಿನ ಮೂಲೆಯಲ್ಲಿ ಉಳಿಯಿತು.

ಮೂರು ಗಂಟೆಗೆ ಯಜಮಾನರು ಇಣುಕಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದರು.

“ಏನಮ್ಮಾ ಇದು? ಡ್ರಮ್ಮು ಮಧ್ಯೆಮಧ್ಯೆ ಮುಗ್ಗರಿಸ್ತಿದೆ. ಚೆನ್ನಾಗಿದ್ದಿದ್ದನ್ನ ಯಾಕೆ ಕೆಡಿಸ್ತಿದ್ದೀಯಾ?”

“ಹೌದು ಸರ್, ಕೆಡಿಸ್ತಿದ್ದೀನಿ” ಎಂದಳು ಮರಿ ತಲೆ ಎತ್ತದೆ. “ಇನ್ನೊಂದು ಗಂಟೆ ಟೈಮ್ ಕೊಡಿ, ಪೂರ್ತಿ ಕೆಡಿಸ್ಬಿಡ್ತೀನಿ.”

ಯಜಮಾನರು ಗೋಡೆಯ ಕಡೆ ತಿರುಗಿ ಕೂತಿದ್ದ ಹೆಂಗಸನ್ನು ಪಿಳಿಪಿಳಿ ನೋಡಿ ಹೊರಗೆ ಹೋದರು.

ನಾಲ್ಕಕ್ಕೆ ಹತ್ತೂ ಜನ ಬಂದರು. ಎಲ್ಲರ ತಲೆಯೂ ನೆರೆತಿತ್ತು. ಬಿಲ್ಲೆಯಮ್ಮನನ್ನು ಕಂಡದ್ದೇ “ಓಹೋ!” ಎಂದು ಕೂಗೆಬ್ಬಿಸಿದರು. ಅವಳನ್ನು ಬಾಗಿಲ ಪಕ್ಕ, ಟಿವಿಗೆ ಬೆನ್ನು ಮಾಡಿ, ಒಂದು ಚಿಕ್ಕ ಮೇಜಿನ ಹಿಂದೆ ಕೂರಿಸಿದ್ದರು. ಯಜಮಾನರು ಹತ್ತು ಚೀಟಿ ಹಂಚಿ, ಆಡಿ ಮುಗಿದ ಮೇಲೆ ‘ಅದೇ’ ಅಥವಾ ‘ಅದಲ್ಲ’ ಎಂದು ಬರೆಯಿರಿ ಎಂದು ಕೇಳಿಕೊಂಡರು.

ಮೊದಲು ಕೂತವರು ಅಂಗಡಿಯಲ್ಲಿ ಗೂಳಿ, ಎಡಚ ಎಂದು ಹೆಸರಾದವರು. ಗೂಳಿ ಈಗ ಹಲ್ಲಿನ ಡಾಕ್ಟರು. ಅಂಗಡಿಯಲ್ಲಿ ಪೈಲ್ವಾನನನ್ನು ಹಿಡಿದನೆಂದರೆ ಎದುರು ನಿಲ್ಲುವವರಿರಲಿಲ್ಲ. ಎಡಚ ಬಸ್ ಡ್ರೈವರು. ಗೂಳಿಯ ಪಟ್ಟಿನಿಂದ ತಪ್ಪಿಸಿಕೊಳ್ಳಬಲ್ಲವನು ಆಗ ಅವನೊಬ್ಬನೇ. ಕಳೆದ ತಿಂಗಳು ಮಾತ್ರ ಒಂದೇ ಒಂದು ಪಟ್ಟನ್ನೂ ತಪ್ಪಿಸಲಾರದೆ, ಪ್ಯಾಡನ್ನು ಕೆಳಗಿಟ್ಟು ಮೊದಲು ತಲೆ ಅಲ್ಲಾಡಿಸಿದವನೂ ಅವನೇ.

ಆಟ ಶುರುವಾಯಿತು. ಮೊದಲ ಪಟ್ಟಿಗೇ ಎಡಚ ಸಿಕ್ಕಿಬಿದ್ದ. ಮರಿ ಕಿಟಕಿಯ ಸರಳು ಹಿಡಿದುಕೊಂಡಳು. ಎರಡನೇ ಸಲ ಪೈಲ್ವಾನ ಹುಂ ಎಂದ, ಡ್ರಮ್ಮು ಒಂದು ಪೆಟ್ಟು ತಪ್ಪಿತು, ಎಡಚನ ಜಡೆಯ ಹುಡುಗಿ ಛಂಗನೆ ಹಾರಿದಳು! ಎಡಚನೇ ತನ್ನ ಬೆರಳುಗಳನ್ನು ಬೆರಗಾಗಿ ನೋಡಿಕೊಂಡ. “ಏಯ್, ಹಾರ್ದೆ ಕಣ್ರೋ! ನಾನಲ್ಲ, ಕೈಯೇ ಹಾರ್ಸಿದ್ದು!” ಚಾವಣಿ ಹಾರಿಹೋಗುವಂಥ ಕೇಕೆ. ಕುರ್ಚಿಯಲ್ಲಿದ್ದವರು ಎದ್ದರು, ಎದ್ದವರು ಮುಂದೆ ನುಗ್ಗಿದರು. ಗೂಳಿ ಡಾಕ್ಟರು ಕೋಟು ಕಳಚಿ ಯಾರದೋ ತಲೆಯ ಮೇಲೆ ಎಸೆದ.

ಬಿಲ್ಲೆಯಮ್ಮ ಕಿವಿ ನಿಮಿರಿಸಿ ಕೂತಿದ್ದಳು. ಬೆನ್ನ ಹಿಂದೆ ಗುಂಪಿನ ಕೇಕೆಯೊಡನೆ ಆ ಸದ್ದನ್ನು ಅವಳು ಕೇಳಿ ಇಪ್ಪತ್ತಮೂರು ವರ್ಷವಾಗಿತ್ತು. ಹೆಜ್ಜೆ, ಕೂಗು, ಡ್ರಮ್ಮು, ಹುಂ, ಹಾರಿದ ಸದ್ದು. ಮತ್ತೆ ಹುಂ, ಮತ್ತೆ ಹಾರಿದ ಸದ್ದು. ಕೈ ತನ್ನಷ್ಟಕ್ಕೇ ಚೀಲಕ್ಕಿಳಿದು, ಒಂದು ಬಿಲ್ಲೆ ತೆಗೆದು ಮೇಜಿನ ಅಂಚಿಗಿಟ್ಟಿತು.

ಪಕ್ಕದಲ್ಲಿ ನಿಂತಿದ್ದ ಯಜಮಾನರು ಬಗ್ಗಿ ಕೇಳಿದರು, “ಇದು ಯಾರಿಗಮ್ಮಾ?”

“ಗೂಳಿಗೆ.”

“ಅವರೇ ಗೆಲ್ತಾ ಇದ್ದಾರಲ್ಲ!”

ಬಿಲ್ಲೆಯಮ್ಮ ಬಿಲ್ಲೆಯನ್ನು ಇನ್ನಷ್ಟು ಅಂಚಿಗೆ ಸರಿಸಿದಳು. ಹಿಂದೆ ಟಿವಿಯಲ್ಲಿ ದೊಪ್ಪನೆ ಯಾರೋ ಬಿದ್ದ ಸದ್ದಾಯಿತು. ಎಡಚನ ಕೇಕೆ ಮುಗಿಲು ಮುಟ್ಟಿತು. ಗೂಳಿ ಡಾಕ್ಟರು ಪ್ಯಾಡನ್ನು ಕುರ್ಚಿಯ ಮೇಲೆಸೆದು, ಗುಂಪನ್ನು ಸೀಳಿಕೊಂಡು, ನೇರ ಬಾಗಿಲ ಪಕ್ಕದ ಮೇಜಿಗೆ ಬಂದು ಕೈ ಚಾಚಿದ.

“ಇನ್ನೊಂದು ಕೊಡಮ್ಮ, ಬೇಗ!”

ಬಿಲ್ಲೆ ಅಲ್ಲೇ ಕಾದಿತ್ತು. ಅದನ್ನು ಎತ್ತಿಕೊಂಡ ಮೇಲೆ ಅವನಿಗೆ ಅರಿವಾಯಿತು, ಇದು ಅಂಗಡಿಯಲ್ಲ, ಈ ಟಿವಿಗೆ ಬಿಲ್ಲೆ ಹಾಕುವ ತೂತೂ ಇಲ್ಲ. ಬಿಲ್ಲೆ ನೋಡಿದ, ಬಿಲ್ಲೆಯಮ್ಮನನ್ನು ನೋಡಿದ. ಕಣ್ಣು ತುಂಬಿ ಬಂತು, ನಗುವೂ ಬಂತು. “ಮೊದ್ಲೇ ಇಟ್ಬಿಟ್ಟಿದ್ಯಾ, ಬಿಲ್ಲೆಯಮ್ಮಾ?” ಎಂದಷ್ಟೇ ಹೇಳಿದ.

ಅವನ ಹಿಂದೆ ಇನ್ನೊಬ್ಬ ಬಂದು ನಿಂತ. ಅವನ ಹಿಂದೆ ಮತ್ತೊಬ್ಬ. ನೋಡನೋಡುತ್ತ ಸಾಲು ಬೆಳೆಯಿತು. ಮುಂದಿನ ಆಟ ನಂದು, ಇಲ್ಲ ನಂದು ಎಂದು ತಳ್ಳಾಡಿದರು. ಯಜಮಾನರು ಕೊಟ್ಟಿದ್ದ ಚೀಟಿಗಳಲ್ಲಿ ಕೆಲವು ನೆಲದ ಮೇಲೆ ಕಾಲಡಿ ಬಿದ್ದಿದ್ದವು, ಕೆಲವು ಜೇಬಿನಲ್ಲೇ ಉಳಿದಿದ್ದವು. ಬರೆಯಬೇಕೆಂಬ ನೆನಪು ಯಾರಿಗೂ ಇರಲಿಲ್ಲ. ಯಜಮಾನರು ಒಂದೆರಡು ಖಾಲಿ ಚೀಟಿ ಆರಿಸಿಕೊಂಡು ಆ ಸಾಲನ್ನೇ ನೋಡಿದರು. ನೋಡಿ, ಚೀಟಿಗಳನ್ನು ಮಡಿಸಿ ಜೇಬಿಗಿಟ್ಟು, “ಮುಂದಿನ ತಿಂಗಳೇ ಆಟಾನ ಮಾರುಕಟ್ಟೆಗೆ ಬಿಡೋಣಮ್ಮಾ” ಎಂದು ಮರಿಗೆ ಹೇಳಿದರು.

ಮರಿ ಆಗಲೇ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಒಬ್ಬೊಬ್ಬರೇ ಬಿಲ್ಲೆ ಪಡೆದು ಹೋದ ಮೇಲೆ ಮೇಜಿನ ಮುಂದೆ ಬಂದು ಅಂಗೈ ಚಾಚಿದಳು.

“ದೊಡ್ಡಮ್ಮಾ, ನಂಗೂ ಒಂದು.”

ಬಿಲ್ಲೆಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿದಳು.

“ಹ್ಞೂಂ, ಈಗ ಕೈ ಎಟುಕತ್ತೆ” ಎಂದು ಚೀಲದಲ್ಲಿ ತಡಕಾಡಿ, ಇದ್ದದ್ದರಲ್ಲೇ ಹೊಳೆಯುವ ಒಂದನ್ನು ಹುಡುಕಿ ಕೊಟ್ಟಳು.