ಕುಮಾರನ ಮೀನಖಂಡ

"ಇಂಥಾ ಮೀನಖಂಡ ಇಟ್ಕಂಡು ನಡೂಕಾಗೂದಿಲ್ಲ ಅಂತಾನೆ, ಸೋಮಾರಿ!" ಕಾರವಾರದ ಡಾಕ್ಟರ ಮುಂದೆಯೇ ಪುಟ್ಟು ಸೋದರಳಿಯ ಕುಮಾರನನ್ನು ಛೇಡಿಸಿದ.

ಅಕ್ಕ ಕಾಮಿಯೂ ನಕ್ಕಳು. ಮಗನ ದಪ್ಪ ಕಾಲುಗಳೆಂದರೆ ಅವಳಿಗೆ ಹೆಮ್ಮೆ. ಇನ್ನೂ ಬಲ ಬರಲೆಂದು ದಿನಾ ಅಗಸೂರಿನ ಗುಡ್ಡದಿಂದ ಸೊಪ್ಪಿನ ಹೊರೆ ಹೊರಿಸುತ್ತಿದ್ದಳು.

ಡಾಕ್ಟರು ಕುಮಾರನ ಮೀನಖಂಡ ಒತ್ತಿ ನೋಡಿದರು. "ಇದು ಬಲ ಅಲ್ಲಮ್ಮಾ. ಮಾಂಸಖಂಡ ಸವೆದಲ್ಲಿ ಕೊಬ್ಬು ತುಂಬಿದೆ. ಹುಟ್ಟಿನಿಂದ ಬಂದ ಕಾಯಿಲೆ. ತೊಡೆ, ಭುಜವೂ ಸವೀತಾ ಇವೆ. ಎದೆಯನ್ನೂ ಪರೀಕ್ಷೆ ಮಾಡಿಸ್ಬೇಕು."

"ಬ್ಯಾನೆ ಕಾಲಿಗಲ್ರಾ, ಎದಿಗೆಂತಕೆ?" ಕಾಮಿ ಕೇಳಿದಳು.

"ಹೃದಯವೂ ಮಾಂಸಖಂಡವೇ ಅಲ್ವಾ?"

ಕಾಮಿ ಮಗನ ಕಾಲುಗಳತ್ತ ನೋಡಿದಳು. "ಹಂಗಾರೆ... ನಾ ಹೊರೆ ಹೊರ್ಸಿದ್ದು?"

"ಇನ್ನು ಬೇಡ. ಅದರಿಂದ ಇದ್ದ ಖಂಡವೂ ಬೇಗ ಸವೀತದೆ."

ಪುಟ್ಟುವಿನ ನಗು ಇಂಗಿತು. ಕುಮಾರ ತೊಡೆಗೆ ಕೈಯೂರಿ ಏಳಲು ಹೊರಟ. ಹಾಗೆ ಎದ್ದಾಗಲೆಲ್ಲ "ಮುದ್ಕ" ಎಂದು ಗದರುತ್ತಿದ್ದ ಕಾಮಿ ಈಗ ಅವನ ಕಂಕುಳಿಗೆ ಕೈ ಕೊಟ್ಟಳು.