ಹಿಂತಿರುಗಿ ಬಂದ ಶಾಂತಿ

ಟೈಲರಮ್ಮನಿಗೆ ಹೊಲಿಗೆ ಎಷ್ಟು ಸಲೀಸೋ ಮಾತೂ ಅಷ್ಟೇ ಸಲೀಸು. ಅಂಥವಳ ಕೈಗೆ ಚರ್ಚಿನ ಪೂಜೆಯಲ್ಲಿ ಹಂಚುವ ರೊಟ್ಟಿಯ, ಅಂದರೆ ಪರಮಪ್ರಸಾದದ, ಪುಟ್ಟ ಡಬ್ಬಿ ಕೊಟ್ಟು, ದಾರಿಯಲ್ಲಿ ಯಾರ ಜೊತೆಗೂ ಹರಟದೆ, ಪೂಜೆಗೆ ಬರಲಾರದ ಕಾಯಿಲೆಯವರಿಗೆ ಮುಟ್ಟಿಸಿ ಬಾ ಎಂದು ಗುರುಗಳು ಹೇಳಿದಾಗ ಅವಳ ಗಂಡ ಬಿದ್ದು ಬಿದ್ದು ನಕ್ಕಿದ್ದ. ಗಂಡ ನಿವೃತ್ತ ಕಂಡಕ್ಟರು. ಮನೆಯೊಳಗೂ ತುಂಬಿದ ಬಸ್ಸಿನಲ್ಲಿ ನಿಂತವನ ಹಾಗೇ ಮಾತಾಡುತ್ತಿದ್ದ. ಅವನು "ಲೇ" ಎಂದು ಹೆಂಡತಿಯನ್ನು ಕರೆದರೆ ಪಕ್ಕದ ಮನೆಯವಳೂ ತಿರುಗಿ ನೋಡುತ್ತಿದ್ದಳು.

ಮನೆ ಹೊಕ್ಕ ಕೂಡಲೇ ಏನು ಹೇಳಬೇಕೆಂದು ಗುರುಗಳು ಕಲಿಸಿಕೊಟ್ಟಿದ್ದರು: "ಈ ಮನೆಗೆ ಶಾಂತಿ." ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹೇಳಿಕೊಟ್ಟದ್ದೂ ಅದನ್ನೇ. ಆ ಮನೆಯಲ್ಲಿ ಶಾಂತಿಯನ್ನು ಬಯಸುವವನಿದ್ದರೆ ಅದು ಅಲ್ಲೇ ನೆಲೆಸುತ್ತದೆ, ಇಲ್ಲದಿದ್ದರೆ ಹೇಳಿದವನ ಬಳಿಗೇ ಹಿಂತಿರುಗುತ್ತದೆ ಎಂದು ಶುಭಸಂದೇಶದಲ್ಲಿದೆ. ಹಿಂತಿರುಗಿ ಬಂದರೆ ಏನು ಮಾಡೋದು ಎಂದು ಟೈಲರಮ್ಮ ಕೇಳಿದಳು. ಒಳ್ಳೇದೇ ಆಯ್ತಲ್ಲ, ನೀವೇ ಇಟ್ಟುಕೊಳ್ಳಿ ಎಂದು ಗುರುಗಳು ನಕ್ಕರು.

ಬೀಗ ರಿಪೇರಿ ಮಾಡುತ್ತಿದ್ದ ಮುದುಕನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಕಾಲು ಬಿದ್ದುಹೋದ ಮೇಲೆ ಒಬ್ಬನೇ ಕುರ್ಚಿಯಲ್ಲಿ ಕೂತಿರುತ್ತಿದ್ದ. ಊರಿನ ಬಾಗಿಲುಗಳಿಗೆಲ್ಲ ಬೀಗ ಹಾಕಿಕೊಟ್ಟವನ ಬಾಗಿಲು ಮಾತ್ರ ಹಾರು ಹೊಡೆದಿತ್ತು. ಟೈಲರಮ್ಮ ಒಳಗೆ ಕಾಲಿಟ್ಟು ಕಲಿತ ಮಾತು ಹೇಳಿದಳು.

"ನನಗೆ ಬೇಡ," ಎಂದ ಅವನು. "ಅದನ್ನ ತಗೊಂಡು ಹೋಗಿ."

ಗೋಡೆಯ ಮೇಲೆ ಹಲ್ಲು ಕಿರಿಯುತ್ತ ನಿಂತ ಹುಡುಗನ ಫೋಟೋ ಇತ್ತು. ಮಗ ಗುಂಡ. ಹೊಳೆಗೆ ಈಜಲು ಹೋದವನು ಮರಳಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಬೀಗದವನ ಮಗನಾಗಿದ್ದೂ ಬಾಗಿಲು ಹಾಕುವ ಅಭ್ಯಾಸ ಅವನಿಗಿರಲಿಲ್ಲ, ಅಪ್ಪ ಬೈದು ಬೈದು ಸೋತಿದ್ದ. ಈಗ ಬಾಗಿಲು ಹಾಕಲು ಅಪ್ಪನಿಗೇ ಕೈ ಬರುತ್ತಿರಲಿಲ್ಲ. ದೇವರ ಮೇಲಿನ ಸಿಟ್ಟು ಇರುವವರೆಗೆ ಮಗ ಇರುತ್ತಾನೆ, ಶಾಂತಿ ಬಂತೆಂದರೆ ಅವನು ಹೋದನೆಂದು ಒಪ್ಪಿದ ಹಾಗೆ ಎಂದು ಬೀಗದಣ್ಣ ಮುಖ ತಿರುಗಿಸಿದ.

ಟೈಲರಮ್ಮ ಚರ್ಚಿಗೆ ಮರಳಿ ಪರಮಪ್ರಸಾದವನ್ನು ಅದರ ಪೆಟ್ಟಿಗೆಯಲ್ಲಿಟ್ಟು ಕೀಲಿ ತಿರುಗಿಸಿದಳು. ಶಾಂತಿಯನ್ನು ಎಲ್ಲಿಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯ ಕಡೆ ನಡೆಯುವಾಗ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಬಿಸಿಲು, ಖಾಲಿ ಬೀದಿ. ನಾಯಿಗಳು ಬೊಗಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಮನೆಗೆ ಬಂದು, ಬಾಗಿಲು ಮುಚ್ಚುವ ಮುಂಚೆ ಅವಳು ಒಂದು ಗಳಿಗೆ ಸುಮ್ಮನೆ ತಡೆದಳು, ಹಿಂದಿರುವವರಿಗೆ ದಾರಿ ಬಿಡುವವಳ ಹಾಗೆ. ಹಾಗೇಕೆ ಮಾಡಿದೆನೆಂದು ಅವಳಿಗೇ ತಿಳಿಯಲಿಲ್ಲ.

ಮೊದಮೊದಲು ಸುಖವೇ ಆಯಿತು. ತಾಯಿಯ ಮಣ್ಣಿಗೂ ಬಾರದ ತಮ್ಮನನ್ನು ಕಂಡಕ್ಟರು ದಿನಾ ಬೆಳಿಗ್ಗೆ ಕಾಫಿಯ ಜೊತೆ ಬೈಯುತ್ತಿದ್ದ. ಮರುದಿನ ಬೈಯಲಿಲ್ಲ. ಸದ್ಯ ಬುದ್ಧಿ ಬಂತಲ್ಲ ಎಂದುಕೊಂಡಳು. ಆಮೇಲೊಂದು ದಿನ ತಮ್ಮನ ಸುದ್ದಿಯನ್ನು ಅವಳೇ ಎತ್ತಿದರೆ, "ಯಾವ ತಮ್ಮ?" ಎಂದ. ತಮಾಷೆ ಇರಬೇಕೆಂದು ಅವಳು ನಕ್ಕಳು. ಅವನು ನಗಲಿಲ್ಲ. ದಿನ ಕಳೆದಂತೆ ಅವನ ದನಿ ತಗ್ಗಿತು, ಅಮ್ಮನ ನೆನಪು ಹೋಯಿತು, ಬಸ್ಸುಗಳ ನೆನಪೂ ಹೋಯಿತು. ಮುಖ ಮಾತ್ರ ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ನಯವಾಗುತ್ತಿತ್ತು. ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೂ ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ಒಳ್ಳೆಯ ನಾಡಿ ಈ ವಯಸ್ಸಿನವರಲ್ಲಿ ನೋಡಿಲ್ಲ ಅಂದರು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಬಡಿಸಲು ಬಂದರೆ ಗಂಡ ಎದ್ದು ನಿಂತ. ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದ:

"ನೀವು ಕೂತ್ಕೊಳ್ಳಿ. ಯಾರು ಬೇಕಾಗಿತ್ತು?"

ಮದುವೆಯಾದಂದಿನಿಂದ ಅವನ ಬಾಯಲ್ಲಿ ಅವಳು "ನೀವು" ಆಗಿರಲೇ ಇಲ್ಲ. ಟೈಲರಮ್ಮ ಸೌಟನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟದೆ, ಬೀಗದಣ್ಣನ ಮನೆಗೆ ಓಡಿದಳು. ತನ್ನ ಹಿಂದೆ ಆ ಶಾಂತಿಯೂ ಅವಸರವಿಲ್ಲದೆ ಬರುತ್ತಿರುವುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

ಅವಳು ಅತ್ತು ಕರೆದು ಎಲ್ಲ ಹೇಳಿದಳು. ಬೀಗದಣ್ಣ ಅದನ್ನು ಹುಚ್ಚು ಎನ್ನಲಿಲ್ಲ. ಅವಳ ಭುಜದಾಚೆ, ತೆರೆದ ಬಾಗಿಲಿನ ಕಡೆ ನೋಡುತ್ತ ಕೇಳಿಸಿಕೊಂಡ.

"ಅದು ನನ್ನ ಪಾಲಿಂದು. ದಾರಿ ತಪ್ಪಿ ನಿಮ್ಮನೆಗೆ ಬಂದಿದೆ," ಎಂದ ಕೊನೆಗೆ. "ನಿಮ್ಮ ಯಜಮಾನ್ರು ಬದುಕಿದ್ದಾರೆ. ನನ್ನ ಮಗ ಇಲ್ಲ. ಇನ್ನೊಂದ್ಸಲ ಹೇಳಿ ತಂಗಿ, ಈ ಸಲ ಬೇಡ ಅನ್ನಲ್ಲ."

ಅವಳಿಗೆ ನಾಚಿಕೆಯಾಯಿತು. ಆದರೂ ಹೇಳಿದಳು. ಬೀಗದಣ್ಣ ಫೋಟೋವನ್ನು ಒಮ್ಮೆ ಕಣ್ತುಂಬ ನೋಡಿ ಕಣ್ಣು ಮುಚ್ಚಿಕೊಂಡ. ಬೀದಿಯ ಸದ್ದೆಲ್ಲ ಒಮ್ಮೆಲೇ ಅವಳ ಕಿವಿಗೆ ಅಪ್ಪಳಿಸಿತು. ಮನೆಯ ತಿರುವಿಗೆ ಬರುವಷ್ಟರಲ್ಲೇ ಗಂಡನ ಕೂಗು ಕೇಳಿಸಿತು, "ಲೇ, ಅನ್ನ ಆರಿ ಹೋಗ್ತಿದೆ, ಎಲ್ಲಿ ಹಾಳಾಗಿ ಹೋದೆ?" ಅಷ್ಟು ಚಂದದ ಬೈಗುಳವನ್ನು ಅವಳು ಜನ್ಮದಲ್ಲೇ ಕೇಳಿರಲಿಲ್ಲ.

ಭಾನುವಾರ ಡಬ್ಬಿ ಹಿಡಿದು ಹೋದಾಗ ಬೀಗದಣ್ಣನ ಬಾಗಿಲು ಹಾಕಿತ್ತು. ಬಡಿಯಬೇಕಾಯಿತು. ನೆರೆಯ ಹೆಂಗಸು ತೆರೆದು, ಎಷ್ಟು ಸಮಾಧಾನವಾಗಿದ್ದಾರೆ ನೋಡಿ ಎಂದು ಹೇಳಿ ಹೊರಟುಹೋದಳು. ಅವನ ಮುಖ ನಯವಾಗಿತ್ತು. ಗೋಡೆಯ ಫೋಟೋ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು.

"ಯಾರೋ ಹುಡುಗಂದು," ಎಂದ. "ಹಿಂದಿನ ಬಾಡಿಗೆಯವರು ಬಿಟ್ಟು ಹೋಗಿರ್ಬೇಕು. ಚರ್ಚಲ್ಲಿ ಕೇಳಿ ಕೊಟ್ಬಿಡಿ."

ಟೈಲರಮ್ಮ ಪ್ರಸಾದ ಎತ್ತಿದಳು. "ಕ್ರಿಸ್ತರ ಶರೀರ."

"ಆಮೆನ್," ಎಂದು ಅವನು ಸ್ವೀಕರಿಸಿದ. ತನ್ನ ನೆನಪಿಗಾಗಿ ಎಂದು ಹೇಳಿ ಯೇಸು ಶಿಷ್ಯರಿಗೆ ಮುರಿದುಕೊಟ್ಟ ರೊಟ್ಟಿ ಅದು. ನುಂಗಿದ ಮೇಲೆ ಅವನ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿದಷ್ಟೂ ಇಳಿಯಿತು.

"ಇದೇನು ತಂಗಿ," ಎಂದು ಅವನು ಒದ್ದೆಯಾದ ಅಂಗೈ ತೋರಿಸಿದ. "ನಾನು ಯಾರಿಗೋಸ್ಕರ ಅಳ್ತಾ ಇದ್ದೀನಿ?"

ಕಣ್ಣಿಗೆ ಧೂಳು ಬಿದ್ದಿರಬೇಕು ಎಂದು ಹೇಳಿ ಎದ್ದು ಬರಬಹುದಿತ್ತು. ಬೆಳಿಗ್ಗೆ ಗಂಡ ತಮ್ಮನನ್ನು ಬೈಯುತ್ತ ಕಾಫಿ ಚೆಲ್ಲಿದ್ದು ಅವಳ ಕಣ್ಣ ಮುಂದೆ ಬಂತು. ನಿಜ ಹೇಳಿದರೆ ಶಾಂತಿ ಮತ್ತೆ ತನ್ನ ಮನೆಗೇ ಬಂದೀತೆಂದು ಅವಳಿಗೆ ಹೆದರಿಕೆಯಾಯಿತು, ತುಂಬಾ ಹೆದರಿಕೆಯಾಯಿತು. ಸ್ಟೂಲು ಎಳೆದುಕೊಂಡು ಕೂತಳು.

"ನಿಮಗೊಬ್ಬ ಮಗ ಇದ್ದ ಅಣ್ಣ," ಎಂದಳು. "ಗುಂಡ ಅಂತ. ಬಾಗಿಲು ಹಾಕೋ ಅಭ್ಯಾಸ ಇರ್ಲಿಲ್ಲ ಅವನಿಗೆ."

ಬೀಗದಣ್ಣನ ಕುರ್ಚಿಯ ಪಕ್ಕದಿಂದ ಏನೋ ಮೆಲ್ಲಗೆ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತುಕೊಂಡಿತು. ಟೈಲರಮ್ಮ ತಿರುಗಿ ನೋಡದೆ ಮುಂದಿನದನ್ನು ಹೇಳತೊಡಗಿದಳು.