ಕೈಚೀಲದಲ್ಲಿ ಕತ್ತರಿ, ಪೆಟ್ಟಿಗೆಯಲ್ಲಿ ಔಷಧಿ

ನಮ್ಮ ಬೀದಿಯ ಸಲೂನ್ ಮಾವ ಅತ್ತೆಯನ್ನು ಕರೆದುಕೊಂಡು ವಿದೇಶಕ್ಕೆ ಹೊರಟಿದ್ದ. ಅಲ್ಲಿ ದುಡಿಯುವ ತಮ್ಮನಿಗೆ ಮದುವೆ. ಮದುಮಗನ ಕ್ಷೌರ ತಾನೇ ಮಾಡಬೇಕೆಂದು ಮಾವನ ಹಟ.

ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಮಾವ ಅದರ ಮೇಲೆ ಹತ್ತಿ ಕೂತಿದ್ದ, ಅತ್ತೆ ಜಿಪ್ ಎಳೆಯುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ಬಂದಳು.

"ಏನ್ ಮಾವ, ಮನೇನೇ ಮಡಚಿ ತುಂಬಿದ್ದೀರಾ? ಅತ್ತೆ, ನಿಮ್ಮ ಸಕ್ಕರೆ ಕಾಯಿಲೆ ಔಷಧಿ ಎಲ್ಲಿ?"

ಅತ್ತೆ ಗಂಡನ ಕಡೆ ಬೆರಳು ತೋರಿಸಿದಳು. "ಇನ್ಸುಲಿನ್ ಇವರ ಅಡೀಲಿದೆ. ಕಂಬಳಿ ಮಧ್ಯೆ ಭದ್ರವಾಗಿಟ್ಟಿದ್ದಾರೆ."

"ಕತ್ತರಿ?"

"ಕೈಚೀಲದಲ್ಲಿ," ಎಂದ ಮಾವ. "ಅನ್ನ ಹಾಕೋ ಕತ್ತರಿ, ಕಣ್ಣೆದುರೇ ಇರ್ಬೇಕು."

ನರ್ಸ್ ಹಣೆ ಒತ್ತಿಕೊಂಡಳು. "ಪೂರ್ತಿ ಉಲ್ಟಾ ಮಾಡಿದ್ದೀರಿ. ಕತ್ತರಿ, ರೇಜರ್ ಹಿಡ್ಕೊಂಡು ವಿಮಾನ ಹತ್ತೋಕೆ ಬಿಡಲ್ಲ, ಅವು ಪೆಟ್ಟಿಗೆಗೆ ಹೋಗ್ಲಿ. ಇನ್ಸುಲಿನ್ ಕೈಚೀಲಕ್ಕೆ ಬರಲಿ. ಕೆಳಗಡೆ ಸಾಮಾನಿನ ಜಾಗದಲ್ಲಿ ಚಳಿಗೆ ಹೆಪ್ಪುಗಟ್ಟಿದ್ರೆ ಅದು ಕೆಟ್ಟುಹೋಗುತ್ತೆ. ಪೆಟ್ಟಿಗೇನೇ ತಪ್ಪಿಹೋದ್ರೆ ಅತ್ತೆ ಗತಿ ಏನು?"

"ಪೆಟ್ಟಿಗೆ ಏನು ಕರುವೇ, ಹಗ್ಗ ಬಿಚ್ಕೊಂಡು ಹೋಗೋಕೆ?"

"ಹೋಗುತ್ತೆ ಮಾವ. ಔಷಧಿ ಅದರ ಡಬ್ಬೀಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ತಪಾಸಣೆಯವರು ಕೇಳೋ ಮೊದಲೇ ನೀವೇ ಹೇಳಿ. ಒಂದೊಂದು ಜೊತೆ ಬಟ್ಟೇನೂ ಕೈಲಿರಲಿ."

ಅತ್ತೆ ಹಾಗೆಯೇ ಮಾಡಿದಳು. ಮಾವ ಕತ್ತರಿಯನ್ನೇನೋ ಪೆಟ್ಟಿಗೆಗೆ ಹಾಕಿದ. ಮದುವೆಗೆಂದು ಹೊಲಿಸಿದ ಕೋಟನ್ನು ಮಾತ್ರ, ಕೈಚೀಲದಲ್ಲಿ ಸುಕ್ಕಾಗುತ್ತದೆಂದು, ಪೆಟ್ಟಿಗೆಯಲ್ಲೇ ಉಳಿಸಿದ.

ಆಗ ಸೈಕಲ್ ಅಂಗಡಿಯವರು ಒಂದು ಪೊಟ್ಟಣ ತಂದರು. ಸುತ್ತಲೂ ಟೇಪು ಬಿಗಿದಿತ್ತು. "ಅಲ್ಲಿರೋ ನನ್ನ ಷಡ್ಡಕನಿಗೆ ಕೊಟ್ಬಿಡಿ. ಕೂದಲು ಬೆಳೆಯೋ ಪುಡಿ."

"ಏನೇನು ಹಾಕಿದ್ದಾರೆ?" ನರ್ಸ್ ಕೇಳಿದಳು.

"ಅದು ಮಾಡಿದವರ ಗುಟ್ಟು."

ಮಾವನಿಗೆ ಮೊದಲೇ ದಾಕ್ಷಿಣ್ಯ. ಕೈ ಆಗಲೇ ಮುಂದೆ ಹೋಗಿತ್ತು. ನರ್ಸ್ ಆ ಕೈ ಹಿಡಿದಳು. "ಅಲ್ಲಿಯ ಅಧಿಕಾರಿ ಹಿಡಿದಾಗ ಗುಟ್ಟು ಅಂತ ಹೇಳ್ತೀರಾ? ನಿಮ್ಮ ಚೀಲದಲ್ಲಿ ಸಿಕ್ಕಿದ್ದು ನಿಮ್ಮದೇ. ಕೂದಲು ಬೆಳೆಯೋದು ಷಡ್ಡಕನಿಗೆ, ಜೈಲು ನಿಮಗೆ."

ಮಾವ ತನ್ನ ಬೋಳು ತಲೆ ಸವರಿಕೊಂಡ. "ಬೇಲಿ ಮೇಲಿರೋ ಓತಿಕ್ಯಾತನ್ನ ಹೆಗಲ ಮೇಲೆ ಬಿಟ್ಕೋಬೇಡಿ," ಎಂದಳು ಅತ್ತೆ.

"ತಪ್ಪು ತಿಳ್ಕೋಬೇಡಿ. ಇದನ್ನ ನಾನು ಒಯ್ಯಲ್ಲ," ಎಂದ ಮಾವ. ಸೈಕಲ್ ಅಂಗಡಿಯವರು ಮುಖ ಊದಿಸಿಕೊಂಡು ಹೋದರು.

ದಾರಿಯಲ್ಲಿ ವಿಮಾನ ಬದಲಿಸಬೇಕಿತ್ತು. ಇವರು ಬದಲಿಸಿದರು, ಪೆಟ್ಟಿಗೆ ಬದಲಿಸಲಿಲ್ಲ. ಅಲ್ಲಿ ಇಳಿದ ಮೇಲೆ, ಸಾಮಾನು ಬರುವ ಪಟ್ಟಿ ತಿರುಗಿ ತಿರುಗಿ ನಿಂತುಹೋಯಿತು. ಮಾವ ಅದನ್ನೇ ನೋಡುತ್ತ ನಿಂತಿದ್ದ. ಹಿಂದೆ ಬೆಂಚಿನ ಮೇಲೆ ಅತ್ತೆ ಕೈಚೀಲ ತೆರೆದು, ಊಟಕ್ಕೆ ಮುಂಚಿನ ಚುಚ್ಚುಮದ್ದು ತಾನೇ ತೆಗೆದುಕೊಂಡಳು. ತಿರುಗಿ ನೋಡಿದ ಮಾವನ ಮುಖ ಬಿಳಿಚಿಕೊಂಡಿತು.

"ನಾನಿಟ್ಟ ಕಡೇನೇ ಅದು ಇದ್ದಿದ್ರೆ..." ಎಂದ.

"ಇಲ್ವಲ್ಲ. ನಡೀರಿ, ಹಸಿವಾಗ್ತಿದೆ," ಎಂದಳು ಅತ್ತೆ.

ಮದುವೆಯಲ್ಲಿ ಅತ್ತೆ ತನ್ನದೇ ಬಟ್ಟೆಯಲ್ಲಿ ಮೆರೆದಳು. ಮಾವ ತಮ್ಮನ ಕೋಟು ತೊಟ್ಟ. ತಮ್ಮ ಆನೆಯಂಥ ಆಳು. ಯಾರಾದರೂ ಕೈಕುಲುಕಲು ಬಂದರೆ ಮಾವ ಮೊದಲು ತೋಳಿನೊಳಗೆ ಕೈ ಹುಡುಕಬೇಕಿತ್ತು. ಕ್ಷೌರವನ್ನು ಎರವಲು ಕತ್ತರಿಯಲ್ಲೇ ಮುಗಿಸಿದ. ಯಾವ ಯಾವ ದೇಶ ಸುತ್ತಿತೋ, ಪೆಟ್ಟಿಗೆ ಬಂದದ್ದು ಮದುವೆಯೆಲ್ಲ ಮುಗಿದ ಮೇಲೆ.

ಈಗ ಯಾರೇ ವಿದೇಶಕ್ಕೆ ಹೊರಟರೂ ಮಾವ ಅವರ ಗಲ್ಲಕ್ಕೆ ನೊರೆ ಬಳಿದು, ರೇಜರ್ ಹಿಡಿದು, "ಔಷಧಿ ಎಲ್ಲಿಟ್ಟಿದ್ದೀರಿ?" ಎಂದು ಕೇಳುತ್ತಾನೆ. ಆ ಹೊತ್ತಿನಲ್ಲಿ ಎದುರು ವಾದಿಸುವ ಧೈರ್ಯ ಯಾರಿಗೂ ಇಲ್ಲ.

ದೂರದೇಶಕ್ಕೆ ಹೊರಟ ಅಣ್ಣಂದಿರೇ, ಅಕ್ಕಂದಿರೇ, ದಿನಾ ಬೇಕಾಗುವ ಔಷಧಿ, ವೈದ್ಯರ ಚೀಟಿ ನಿಮ್ಮ ಕೈಯಲ್ಲೇ ಇರಲಿ. ಹರಿತವಾದದ್ದು ಪೆಟ್ಟಿಗೆಗೆ ಹೋಗಲಿ. ಒಳಗೇನಿದೆ ಎಂದು ತಿಳಿಯದ ಗಂಟನ್ನು ಎಷ್ಟೇ ಬೇಕಾದವರು ಕೊಟ್ಟರೂ ಒಲ್ಲೆ ಎನ್ನಿ. ಸಾಮಾನು ತಡವಾಗಿ ಬಂದರೂ ನಡೆಯುತ್ತದೆ. ನೀವು ಕ್ಷೇಮವಾಗಿ ತಲುಪಬೇಕು.